ಹುಲಿಗಿಗೆ ಹೋಗಿ ಬಂದ ರಕ್ತ

ಮಾನವನ ದೇಹದಲ್ಲಿ ರಕ್ತ ಹೇಗೆ ಹರಿಯುತ್ತದೆ, ವಿವರಿಸಿ ಎಂಬ ಪ್ರಶ್ನೆಗೆ ಆ ಊರಿನ ಹತ್ತನೆಯ ತರಗತಿಯ ಮಕ್ಕಳೆಲ್ಲ ಒಂದೇ ಉತ್ತರ ಬರೆದಿದ್ದರು. ಹೃದಯ ಬಿಟ್ಟ ಮೈಲಿಗೆ ರಕ್ತವು ಹುಲಿಗಿಗೆ ಹೋದ ಭಕ್ತರ ಹಾಗೆ ಪುಪ್ಪುಸಕ್ಕೆ ಹೋಗಿ, ಮಿಂದು ಮಡಿಯಾಗಿ, ತಿರುಗಿ ಹೃದಯಕ್ಕೇ ಬರುತ್ತದೆ, ಕೇಳಿರಣ್ಣ.

ಕೊಪ್ಪಳದಲ್ಲಿ ಪತ್ರಿಕೆ ತಿದ್ದಲು ಕುಳಿತವರು ಮೊದಲು ನಕ್ಕರು. ಆಮೇಲೆ ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಕಟ್ಟಿನ ತಳ ಮುಟ್ಟುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕೈಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿ ಹುಲಿಗಿ ಇರಲಿಲ್ಲ, ಅಣ್ಣನಂತೂ ಇರಲೇ ಇಲ್ಲ. ಸಾಮೂಹಿಕ ನಕಲು ಎಂದು ಬರೆದು ಕಟ್ಟನ್ನು ಬದಿಗಿಟ್ಟರು.

ಅದು ಜಿಲ್ಲೆಗೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ. ಕುಷ್ಟಗಿಯ ಮಗುವಾಗಲಿ ಗಂಗಾವತಿಯ ಮಗುವಾಗಲಿ, ಅದೇ ಪ್ರಶ್ನೆ, ಅದೇ ಗಂಟೆ, ಅದೇ ಅಳತೆ. ಮೇಲೆ ಬಂದವರಿಗೆ ಕೊಪ್ಪಳದ ವಸತಿ ಕಾಲೇಜಿನಲ್ಲಿ ವಿಜ್ಞಾನ ಓದಲು ಸೀಟು. ಈ ಊರಿನಿಂದ ಆ ಸೀಟಿಗೆ ಕಣ್ಣಿಟ್ಟವಳು ಮುಬಾಶಿರಾ. ಅವಳ ಅಪ್ಪ ಗಿಣಿಗೇರಾದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವನು. ವಸತಿ ಇದ್ದರೆ ಓದು, ದಿನಾ ಬಸ್ಸು ಹತ್ತಿ ಇಳಿಯುವ ಓದು ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದ. ಈಗ ಕಟ್ಟು ಬದಿಗೆ ಬಿದ್ದಿತ್ತು, ಸೀಟೂ ಅದರ ಜೊತೆಗೆ.

ಇದಕ್ಕೆಲ್ಲ ಮೂಲ ವಿಜ್ಞಾನದ ಗೀತಾ ಟೀಚರು. ನಿನ್ನೆ ಕಲಿಸಿದ್ದು ಇಂದು ನೆನಪಿರದ ಮಕ್ಕಳಿಗೆ ಮೊಹರಂ ಪದಗಳು ಮಾತ್ರ ಹೇಗೆ ಬರುತ್ತವೆ ಎಂಬುದು ಅವರನ್ನು ಕಾಡಿತ್ತು. ಹಬ್ಬ ಬಂದರೆ ಹೆಜ್ಜೆ ಹಾಕುತ್ತ ಒಂದು ಗುಂಪು ಹಾಡುವುದು, ಇನ್ನೊಂದು ಗುಂಪು ಅದನ್ನೇ ತಿರುಗಿ ಹೇಳುವುದು. ಗೌಡರ ಮಕ್ಕಳು, ಸಾಬರ ಮಕ್ಕಳು ಎಂದಿಲ್ಲ, ಎಲ್ಲರ ಬಾಯಲ್ಲೂ ಕರ್ಬಲಾದ ಕಥೆ ಒಂದಕ್ಷರ ತಪ್ಪದೆ ಇತ್ತು. ಟೀಚರು ನೆಟ್ಟಗೆ ಶಫೀಸಾಬರ ಮನೆಗೆ ಹೋದರು. ಊರ ಮೇಳಕ್ಕೆ ಪದ ಕಟ್ಟುವ ಶಫೀಸಾಬರು ಮುಬಾಶಿರಾಳ ತಾಯಿಯ ತಂದೆ. ಅವಳು ನಾನಾ ಎಂದು ಕರೆಯುವುದು ಅವರನ್ನೇ. ಪಾಠ ಓದಿ ಹೇಳಿದರೆ ಪದ ಕಟ್ಟಿಕೊಡುತ್ತೀರಾ ಎಂದು ಟೀಚರು ಕೇಳಿದಾಗ ಮುದುಕರು ಗಡ್ಡ ಸವರಿಕೊಂಡು, ಅದರಲ್ಲಿ ಸುಳ್ಳು ಏನಾದರೂ ಇದೆಯೇ ಎಂದಷ್ಟೇ ವಿಚಾರಿಸಿದರು. ಇಲ್ಲ ಎಂದ ಮೇಲೆ ಒಪ್ಪಿದರು.

ಗುಂಡಿಗಿ ಬಿಟ್ಟಿತು ಮೈಲಿಗಿ ರಕುತ, ಕೇಳಿರಣ್ಣ
ಹುಲಿಗಿಗೆ ಹೋದ ಭಕ್ತರ್ಹಾಂಗ ಪುಪ್ಪುಸಕ ಹೋತಣ್ಣ
ಮಿಂದು ಮಡಿಯಾಗಿ ತಿರುಗಿ ಬಂತು, ಕೇಳಿರಣ್ಣ

ಪುಪ್ಪುಸ ಒಂಟಿಯಾಗಿ ತಾಳಕ್ಕೆ ಕೂಡದೆ ಕುಂಟುತ್ತಿತ್ತು. ಹುಲಿಗಿಯನ್ನು ಜೊತೆ ಮಾಡಿದ ಮೇಲೆ ಚೆನ್ನಾಗಿ ನಡೆಯಿತು. ಹುಣ್ಣಿಮೆಗೆ ತುಂಗಭದ್ರೆಯಲ್ಲಿ ಮಿಂದು, ಹುಲಿಗೆಮ್ಮನಿಗೆ ಕೈಮುಗಿದು, ಒದ್ದೆ ತಲೆಯಲ್ಲೇ ಊರಿಗೆ ಮರಳುವವರನ್ನು ಕಂಡು ಬೆಳೆದ ಮಕ್ಕಳು. ಪಾಠ ಸೀದಾ ಒಳಗಿಳಿಯಿತು. ಬೆಳಕಿಗೂ ಆಮ್ಲಕ್ಕೂ ಹೀಗೇ ಪದಗಳು ಹುಟ್ಟಿದವು. ಹಾಡಿದ್ದನ್ನು ಹಾಗೇ ಬರೆಯಬೇಡಿ ಎಂದು ಹೇಳುವುದನ್ನು ಮಾತ್ರ ಟೀಚರು ಮರೆತರು.

ವಿಚಾರಣೆಗೆ ಬಂದವರು ಯಲಬುರ್ಗಾ ಕಡೆಯ ಪರೀಕ್ಷಾಧಿಕಾರಿ ಓಬಳೆಪ್ಪನವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಟೀಚರು ಹಾಡಿನ ಸಂಗತಿಯನ್ನೆಲ್ಲ ತಿಳಿಸಿದರೂ ಅವರು ನಂಬಲಿಲ್ಲ. ಟೀಚರಿಗೆ ಸಿಟ್ಟು ಬಂತು.

"ಸರ್ರಾ, ಪ್ಯಾಟಿ ಹುಡುಗ್ರು ಎಲ್ಲಾರೂ ಒಂದ ಗೈಡಿನ ಸಾಲು ಬರದಿರ್ತಾರ. ಅದಕ್ಕ ನೀವು ಓದು ಅಂತೀರಿ. ನಮ್ಮವ್ರು ಒಂದ ಹಾಡಿನ ಸಾಲು ಬರದ್ರ ಕಾಪಿ ಅಂತೀರಿ. ಇದ್ಯಾವ ನ್ಯಾಯರಿ?"

"ಗೈಡಿನ್ಯಾಗ ಕೇಳಿರಣ್ಣ ಇರಂಗಿಲ್ರಿ ಅಕ್ಕಾರ," ಎಂದರು ಓಬಳೆಪ್ಪ.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಎಲ್ಲರಿಗಿಂತ ಹೆಚ್ಚು ಬರೆದವಳು ಮುಬಾಶಿರಾ. ಅವಳೊಬ್ಬಳು ತಮ್ಮ ಎದುರು ಕುಳಿತು ಹೊಸ ಪ್ರಶ್ನೆಗಳ ಜೊತೆಗೆ ರಕ್ತದ ಪ್ರಶ್ನೆಗೂ ಉತ್ತರ ಬರೆಯಲಿ. ಬರೆದರೆ ಕಟ್ಟು ಬಿಚ್ಚುತ್ತಾರೆ, ಸೀಟಿನ ಮಾತು ಉಳಿಯುತ್ತದೆ. ಬರೆಯದಿದ್ದರೆ ಎರಡೂ ಇಲ್ಲ. ಆದರೆ ಪರೀಕ್ಷೆ ಎಂದರೆ ಪರೀಕ್ಷೆ. ಹಾಡುವಂತಿಲ್ಲ, ಗುನುಗುವಂತಿಲ್ಲ, ತುಟಿ ಸಹ ಅಲುಗಬಾರದು.

ಮುಬಾಶಿರಾ ಬೆಂಚಿನ ಮೇಲೆ ಕುಳಿತಳು. ಬೆಳಕಿನ ಪ್ರಶ್ನೆ ನೋಡಿದೊಡನೆ ಪದ ನಾಲಿಗೆಯ ತುದಿಗೆ ಬಂತು. ತುಟಿ ಬಿಗಿದಿದ್ದರಿಂದ ಅಲ್ಲೇ ನಿಂತಿತು. ಬೆರಳಿನಿಂದ ಬೆಂಚು ತಟ್ಟಿದಳು. ಓಬಳೆಪ್ಪ ತಲೆ ಅಲ್ಲಾಡಿಸಿದರು. ಕಾಲು ಕುಣಿಸಿದಳು, ಗೆಜ್ಜೆ ಸದ್ದು ಮಾಡಿತು. ಗೆಜ್ಜೆ ಬಿಚ್ಚಿ ಟೀಚರ ಕೈಗೆ ಕೊಡಿಸಿದರು. ಆಮೇಲೆ ಹುಡುಗಿ ಕಣ್ಣು ಮಿಟುಕಿಸಿ ತಾಳ ಹಾಕಲು ನೋಡಿದಳು. ಕಣ್ಣಿಗೆ ಏನಾದರೂ ಬಿತ್ತೇ ಎಂದು ಅವರು ಕೇಳಿದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಅರ್ಧ ಹಾಳೆ ಖಾಲಿ ಇರುವಾಗಲೇ ಗಂಟೆ ಮುಗಿಯಿತು. ಬಾಗಿಲ ಬಳಿ ನಿಂತ ಗೀತಾ ಟೀಚರು ಗೆಜ್ಜೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದರು. ಹೊರಗೆ ಬೇವಿನ ಮರದ ಕೆಳಗೆ ಶಫೀಸಾಬರು ಜಪಮಾಲೆ ಎಣಿಸುತ್ತಿದ್ದರು.

ಓಬಳೆಪ್ಪ ಕೆಂಪು ಪೆನ್ನು ತೆಗೆದರು. ಏಳು ಆಂಪಿಯರ್ ವಿದ್ಯುತ್ತು ಒಂಬತ್ತು ಓಮ್ ರೋಧದ ತಂತಿಯಲ್ಲಿ ಹರಿದರೆ ವೋಲ್ಟ್ ಎಷ್ಟು ಎಂಬ ಲೆಕ್ಕಕ್ಕೆ ಹುಡುಗಿ ಐವತ್ತಾರು ಎಂದು ಬರೆದಿದ್ದಳು. ಅವರು ಹುಬ್ಬು ಗಂಟಿಕ್ಕಿದರು. ಪ್ರಶ್ನೆ ತಾವೇ ಆಗಲೇ ಬರೆದದ್ದು, ಉತ್ತರ ಎಲ್ಲೂ ಇಲ್ಲ. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಹತ್ತತೊಡಗಿತು. ಸಣ್ಣದಾಗಿ, ತೂಗುವ ಧಾಟಿಯಲ್ಲಿ, ಧ್ವನಿಯೂ ಹೊರಟಿತು.

"ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು, ಏಳ್ಮೂರ್ಲೆ ಇಪ್ಪತ್ತೊಂದು..."

ಏಳೆಂಟ್ಲೆ ಐವತ್ತಾರಕ್ಕೆ ಬಂದಾಗ ತಲೆಯೂ ತೂಗುತ್ತಿತ್ತು. ಏಳೊಂಬತ್ಲೆ ಅರವತ್ಮೂರು ಎಂದು ಮುಗಿಸಿ, ತಪ್ಪು ಎಂದು ಗೀಟು ಎಳೆಯಲು ಪೆನ್ನು ಇಳಿಸಿದರು.

"ಸರ್ರಾ," ಎಂದಳು ಮುಬಾಶಿರಾ, ಭಾಳ ವಿನಯದಿಂದ. "ನಿಮ್ಮ ತುಟಿ ಅಳ್ಳಾಡಿದ್ವರಿ."

ಟೀಚರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಓಬಳೆಪ್ಪನವರು ತುಟಿ ಬಿಗಿದರು. ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಸದ್ದಿಲ್ಲದೆ ಇನ್ನೊಮ್ಮೆ ಲೆಕ್ಕ ಹಾಕಲು ನೋಡಿದರು. ಅವರ ಹಣೆಯ ಮೇಲೆ ಬೆವರು ಮೂಡಿತು. ಮಗ್ಗಿ ಎಲ್ಲೋ ಮೂವತ್ತೈದರ ಆಸುಪಾಸಿನಲ್ಲಿ ದಾರಿ ತಪ್ಪಿರಬೇಕು. ಹುಡುಗಿಯದೂ ಐವತ್ತಾರರ ಹತ್ತಿರ ತಪ್ಪಿತ್ತಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆದು, ಹಾಳೆಯನ್ನು ಅವಳ ಕಡೆ ಸರಿಸಿದರು.

"ತಗೋವಾ. ಮತ್ತ ಬರಿ. ಬಾಯಾಗ ಏನರ ಅನಕೋ. ನನಗ ಕೇಳಸಬಾರದು, ಅಷ್ಟ."

"ಗೆಜ್ಜಿರಿ?"

"ಗೆಜ್ಜಿ ಬ್ಯಾಡ."

ಅವಳು ಗುನುಗುತ್ತ ಬರೆದಳು. ಬೆಳಕು ಬಾಗಿತು, ಆಮ್ಲ ಪ್ರತ್ಯಾಮ್ಲವನ್ನು ಸೇರಿತು, ರಕ್ತ ಹೊರಟಿತು. ಓಬಳೆಪ್ಪನವರು ಕೇಳಿಸುತ್ತಿಲ್ಲ ಎಂಬಂತೆ ಗೋಡೆ ನೋಡುತ್ತ ಕುಳಿತರೂ ಪದ ತಿರುಗಿ ಬರುವ ಕಡೆಯಲ್ಲೆಲ್ಲ ಅವರ ಕೆಂಪು ಪೆನ್ನು ಮೇಜಿನ ಮೇಲೆ ತಾನಾಗಿ ಬಡಿಯುತ್ತಿತ್ತು. ಏಳು ಒಂಬತ್ತು ಈ ಸಲ ಅರವತ್ಮೂರೇ ಆಯಿತು.

ಎಲ್ಲವನ್ನೂ ತಿದ್ದಿ, ನಕಲು ನಡೆದಿಲ್ಲ, ಕಟ್ಟನ್ನು ಬಿಚ್ಚಿ ತಿದ್ದಬಹುದು ಎಂದು ವರದಿ ಬರೆದರು. ಮುಬಾಶಿರಾಳ ರಕ್ತದ ಉತ್ತರದಲ್ಲಿ ಮಾತ್ರ ಅರ್ಧ ಅಂಕ ಕತ್ತರಿಸಿದರು. ಈ ಸಲ ಅವಳು ಕೇಳಿರಣ್ಣ ಬಿಟ್ಟಿದ್ದಳು, ಹುಲಿಗಿ ಬಿಟ್ಟಿರಲಿಲ್ಲ.

ಸೀಟು ಬಂತು. ಕೊಪ್ಪಳಕ್ಕೆ ಹೊರಡುವ ದಿನವೂ ಅವಳಿಗೆ ಆ ಅರ್ಧ ಅಂಕದ ಸಂಕಟ ಹೋಗಿರಲಿಲ್ಲ. ಉತ್ತರ ಸರಿಯಿದ್ದ ಮೇಲೆ ಕತ್ತರಿಸಿದ್ದೇಕೆ ಎಂದು ಟ್ರಂಕಿಗೆ ಬೀಗ ಹಾಕುತ್ತ ಮತ್ತೆ ಕೇಳಿದಳು. ಶಫೀಸಾಬರು ಅವಳ ತಲೆಯ ಮೇಲೆ ಕೈಯಿಟ್ಟು ದುವಾ ಮುಗಿಸಿದ ಮೇಲೆ ಉತ್ತರ ಕೊಟ್ಟರು.

"ಹೋಗ್ಲಿ ಬಿಡು ಬೇಟಿ. ರಕ್ತ ಅಷ್ಟು ದೂರ ನಡಕೋಂತ ಹೋಗಿತ್ತು. ಅರ್ಧ ಹುಲಿಗೆಮ್ಮಗ ಮುಟ್ಟೇತಿ ಅಂತ ತಿಳಕೋ."