ರೊಡೋರಾಳ ಕೋಣೆಗೆ ಜನ ಬಂದದ್ದು

ಜಾರೊ ಪ್ಲಾಜಾದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಮಗುವಿನ ದೀಕ್ಷಾಸ್ನಾನವಾಗಲಿ, ಯಾರಾದರೂ ನರ್ಸಿಂಗ್ ಪಾಸಾಗಲಿ, ಯಾರಾದರೂ ತೀರಿಕೊಳ್ಳಲಿ, ಫಿಲಿಪೀನ್ಸಿನ ಈ ಇಲೊಯಿಲೊ ನಗರದಲ್ಲಿ ಒಂದು ಫ್ಲೆಕ್ಸ್ ಏಳದೆ ಯಾವುದೂ ನಡೆದ ಹಾಗಲ್ಲ. ಹಾಗಾಗಿ ಊರಿನ ಸುದ್ದಿಯೆಲ್ಲ ಮೊದಲು ನನ್ನ ಮೇಜಿಗೆ ಬರುತ್ತದೆ. ಬಂದದ್ದನ್ನು ನಾನು ಇಟ್ಟುಕೊಳ್ಳುತ್ತಿರಲಿಲ್ಲ ಎಂಬುದೂ ಊರಿಗೆಲ್ಲ ಗೊತ್ತು. ನನ್ನ ಹೆಸರು ಕನ್ಸೋರ್ಸಿಯಾ. ಎಲ್ಲರೂ ಮನಾಂಗ್ ಕೊಂಚಿಂಗ್, ಅಂದರೆ ಕೊಂಚಿಂಗಕ್ಕ ಎನ್ನುತ್ತಾರೆ.

ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಮೊದಲು ಒಬ್ಬ ದರ್ಜಿ ಇದ್ದ. ಅವನು ಬಿಟ್ಟ ಮೇಲೆ ರೊಡೋರಾ ನುಫಾಬ್ಲೆ ಬಂದಳು. ಕಡಲತೀರದ ಮಿಯಾಗಾವ್ ಕಡೆಯ ಹುಡುಗಿ, ಮೂವತ್ತಾರು ವರ್ಷ, ಮನಃಶಾಸ್ತ್ರಜ್ಞೆ. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ಅಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವಂತೆ. ಜನ ಬಾಯಿ ಬಿಡುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತಿತ್ತಂತೆ. ಒಬ್ಬರ ಜೊತೆ ಒಂದು ಗಂಟೆ ಪೂರ್ತಿ ಕೂರಬೇಕು ಎಂಬ ಒಂದೇ ಆಸೆಯಿಂದ ಕೆಲಸ ಬಿಟ್ಟಿದ್ದಳು.

ಮೊದಲ ಫ್ಲೆಕ್ಸ್ ನಾನೇ ಮುದ್ರಿಸಿಕೊಟ್ಟೆ. ಅವಳ ನಗುಮುಖ, ಪದವಿಗಳು, ಕೆಳಗೆ ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ ಖಿನ್ನತೆ, ಆತಂಕ, ಆಘಾತ ಎಂಬ ಪಟ್ಟಿ. ಆರು ವಾರ ಅದು ಗಾಳಿಗೆ ಪಟಪಟ ಬಡಿದುಕೊಂಡಿತು. ಅಷ್ಟು ದಿನದಲ್ಲಿ ಮೆಟ್ಟಿಲು ಹತ್ತಿದ ಹೊಸಬರು ಮೂವರು. ಒಬ್ಬನಿಗೆ ಬಂದೂಕಿನ ಲೈಸೆನ್ಸಿಗೆ ಸರ್ಟಿಫಿಕೇಟು ಬೇಕಿತ್ತು. ಒಬ್ಬಾಕೆ ಇಸ್ಪೀಟಿನ ಎಲೆ ನೋಡಿ ಭವಿಷ್ಯ ಹೇಳುತ್ತೀರಾ ಎಂದು ಕೇಳಿದಳು. ಮೂರನೆಯವನು ಇನ್ಶೂರೆನ್ಸ್ ಮಾರಲು ಬಂದವನು. ಆಸ್ಪತ್ರೆಯಿಂದ ಅವಳನ್ನೇ ಹುಡುಕಿಕೊಂಡು ಬಂದ ಒಬ್ಬ ಹೆಂಗಸು ಮಾತ್ರ ವಾರವಾರ ಬರುತ್ತಿದ್ದಳು.

ಅದೇ ಹೊತ್ತಿಗೆ ನನ್ನ ಅಂಗಡಿಗೆ ಹಳದಿ ಕೊಡೆಯ ಇನ್ನೊಬ್ಬಳು ಬರತೊಡಗಿದಳು. ಮೂರು ಮಂಗಳವಾರ ಬಂದು ಫ್ಲೆಕ್ಸಿನ ಅಳತೆ ಕೇಳಿದಳು. ನಾನು ಹೇಳುತ್ತಿದ್ದರೆ ಅವಳ ಕಣ್ಣೆಲ್ಲ ಹೊರಗಿನ ಮೆಟ್ಟಿಲ ಮೇಲೆ. ಮೆಟ್ಟಿಲ ಎದುರಿಗೇ ಟ್ರೈಸಿಕಲ್ ಆಟೊಗಳ ಸ್ಟ್ಯಾಂಡು, ಪಕ್ಕದಲ್ಲಿ ಬ್ರೆಡ್ ಅಂಗಡಿ. ಅಲ್ಲಿ ಯಾರು ಮೇಲೆ ಹತ್ತಿದರೂ ಸಂಜೆಯೊಳಗೆ ಇಂಥವಳಿಗೆ ತಲೆ ಕೆಟ್ಟಿದೆಯಂತೆ ಎಂದು ಬೀದಿಯೆಲ್ಲ ಹಬ್ಬುತ್ತಿತ್ತು. ಅವಳು ಪ್ರತಿ ಸಲವೂ ಕೊಡೆ ಬಿಚ್ಚಿಕೊಂಡು ವಾಪಸು ಹೋಗುತ್ತಿದ್ದಳು.

ನನಗೆ ಗೊತ್ತಿದ್ದ ವ್ಯಾಪಾರ ಬೇರೆ. ಮೊದಲ ಹತ್ತು ಜನಕ್ಕೆ ರಿಯಾಯಿತಿ ಹಾಕು, ಲಾಟರಿ ಇಡು, ಗುಣವಾದವರ ಫೋಟೊ ಹಾಕು ಎಂದು ರೊಡೋರಾಳ ತಲೆ ತಿನ್ನುತ್ತಿದ್ದೆ. ಕೊನೆಗೆ ನನ್ನ ಪರಿಚಯದ ಡೊಂಡೊನ್ ಎಂಬುವವನನ್ನೇ ಕರೆತಂದೆ. ಫೇಸ್‌ಬುಕ್ಕಿನಲ್ಲಿ ಅವನ ಪೇಜನ್ನು ಅರ್ಧ ಪ್ರಾಂತ್ಯವೇ ನೋಡುತ್ತದೆ. ಅವನು ಕೇಳಿದ್ದು ಇಷ್ಟೆ: ವಾರವಾರ ಬರುವ ಆ ಹೆಂಗಸು ಕ್ಯಾಮೆರಾ ಮುಂದೆ ತನ್ನ ಕತೆ ಹೇಳಲಿ, ಅಳು ಬಂದರೆ ಅಳಲಿ, ಮುಖ ಮಸುಕು ಮಾಡುತ್ತೇನೆ. ರೊಡೋರಾ ಅವನಿಗೆ ಕಾಫಿ ಕೊಟ್ಟು, ಆಗುವುದಿಲ್ಲ ಎಂದು ಹೇಳಿ ಕಳಿಸಿದಳು.

ನನಗೆ ಸಿಟ್ಟು ಬಂತು. "ಮುಖ ಕಾಣಿಸಲ್ಲ ಅಂತಾನಲ್ಲ ಇಂದಾಯ್, ಮತ್ತೇನು ನಿಂದು?" ಎಂದೆ. ನಮಗಿಂತ ಚಿಕ್ಕವಳನ್ನು ಪ್ರೀತಿಯಿಂದ ಕರೆಯುವ ಮಾತದು, ಆವತ್ತು ಅದರಲ್ಲಿ ಪ್ರೀತಿ ಕಡಿಮೆಯಿತ್ತು.

"ಧ್ವನಿ ಕೇಳಿದ್ರೆ ಅವಳ ಅತ್ತೆಗೆ ಗೊತ್ತಾಗಲ್ವಾ ಮನಾಂಗ್? ನಾನು ಕೇಳಿದ್ರೆ ಅವಳು ಹೂಂ ಅಂದುಬಿಡ್ತಾಳೆ, ನನಗೆ ಇಲ್ಲ ಅನ್ನೋಕೆ ಅವಳಿಗೆ ಬಾಯಿ ಬರಲ್ಲ. ಅದಕ್ಕೇ ನಾನು ಕೇಳಬಾರದು."

"ಹಾಗಾದ್ರೆ ಕೋಣೆ ಖಾಲಿ ಮಾಡ್ಕೊಂಡು ಮಿಯಾಗಾವ್‌ಗೆ ಹೋಗು."

"ಹೋಗಲ್ಲ" ಎಂದಳು. ಆಮೇಲೆ ಒಂದು ನೋಟ್‌ಬುಕ್ ತಂದು ನನ್ನ ಮೇಜಿನ ಮುಂದೆ ಕೂತಳು. "ನಿಮ್ಮ ಅಂಗಡಿಗೆ ಬರೋ ಹೆಂಗಸ್ರು ತಮ್ಮ ಕಷ್ಟಾನ ಯಾವ ಮಾತಲ್ಲಿ ಹೇಳ್ಕೋತಾರೆ? ಹೆಸರು ಬೇಡ, ಮಾತು ಮಾತ್ರ ಹೇಳಿ."

ನಾನು ನೆನಪು ಮಾಡಿಕೊಂಡು ಹೇಳುತ್ತಾ ಹೋದೆ. ಇಲ್ಲಿ ಯಾರೂ ಖಿನ್ನತೆ ಎನ್ನುವುದಿಲ್ಲ. ಎದೆ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗಿದೆ ಎನ್ನುತ್ತಾರೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಮನೆಗೊಬ್ಬ ಹಡಗಿನ ಕೆಲಸದವನು. ಒಂಬತ್ತು ತಿಂಗಳು ಗಂಡನ ದಾರಿ ಕಾದೆ, ಬಂದ ಮೇಲೆ ಯಾರೋ ನೆಂಟನ ಹಾಗೆ ಕೂತಿರುತ್ತಾನೆ ಎನ್ನುವವರು ಎಷ್ಟೋ ಜನ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು.

ಮಾರನೆಯ ದಿನ ಹಳೆಯ ಫ್ಲೆಕ್ಸ್ ಇಳಿಸಿದೆವು. ಹೊಸದಾಗಿ ಅಂಗೈಯಗಲದ ಚೀಟಿ ಮುದ್ರಿಸಿದೆವು, ನಮ್ಮದೇ ಭಾಷೆಯಲ್ಲಿ, ಕಾಯಿಲೆಗಳ ಹೆಸರಿಲ್ಲದೆ. ಗಂಡ ಹಡಗಿನಿಂದ ಬಂದಿದ್ದಾನೆ, ಮಾತು ಮಾತ್ರ ಇನ್ನೂ ಬಂದಿಲ್ಲವೇ? ಒಂದು ಗಂಟೆ ಕೂತು ಮಾತಾಡೋಣ. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ. ಕೆಳಗೆ ಹೆಸರು, ಲೈಸೆನ್ಸ್ ನಂಬರು, ಫೋನು. ಕಣ್ಣಿಗೆ ಸೀದಾ ಬಡಿಯುವ ಬಣ್ಣ ಹಾಕೋಣ ಎಂದು ನಾನೆಂದರೆ, ಪರ್ಸಿನಲ್ಲಿ ಬಚ್ಚಿಡುವಂತಿರಲಿ ಸಾಕು ಎಂದಳು.

ಚೀಟಿ ಹಿಡಿದು ಅವಳು ಬೀದಿಗಿಳಿದಳು. ಪಾರ್ಲರುಗಳು, ಶಾಲೆಯ ಟೀಚರುಗಳ ಕೋಣೆ, ಔಷಧಿ ಅಂಗಡಿ, ಯಾವುದನ್ನೂ ಬಿಡಲಿಲ್ಲ. ನಾವಿಕರ ಹೆಂಡತಿಯರ ಸಂಘ ಚರ್ಚಿನ ಹಾಲ್‌ನಲ್ಲಿ ಶನಿವಾರ ಸೇರುತ್ತದೆ. ಮೊದಲ ವಾರ ಜುಂಬಾ ಕುಣಿತ ಮುಗಿಸಿ ಬೆವರುತ್ತಿದ್ದವರ ಮುಂದೆ ಹತ್ತು ನಿಮಿಷ ಮಾತಾಡಿದಳು. ಯಾರೂ ಕೇಳಲಿಲ್ಲ, ಅರ್ಧ ಜನ ಪನ್ಸಿತ್ ನೂಡಲ್ಸಿನ ತಟ್ಟೆಯ ಕಡೆ ಹೋದರು. ಎರಡನೆಯ ವಾರ ಮಾತಾಡಲೇ ಇಲ್ಲ. ತಾನೂ ಕುಣಿದಳು, ಹಿಂದಿನ ಸಾಲಲ್ಲಿ ಕೂತು ನೂಡಲ್ಸ್ ತಿಂದಳು, ಅವರ ಮಾತು ಕೇಳಿದಳು. ಐದನೆಯ ವಾರ ಅವರೇ ಅವಳನ್ನು ಮುಂದೆ ಕೂರಿಸಿದರು.

ಫೋನುಗಳು ಬರತೊಡಗಿದವು. ಆದರೆ ಮೆಟ್ಟಿಲ ಹತ್ತಿರ ಬಂದು ತಿರುಗಿ ಹೋಗುವವರು ಹಾಗೆಯೇ ಇದ್ದರು. ನಾನು ಒಂದು ಬೆಳಿಗ್ಗೆ ಯೋಚಿಸುತ್ತಾ ಕೂತಿದ್ದವಳು ಎದ್ದು, ಮುದ್ರಣ ಯಂತ್ರದ ಹಿಂದೆ ರಾಶಿ ಬಿದ್ದಿದ್ದ ಫ್ಲೆಕ್ಸ್ ಸುರುಳಿಗಳನ್ನು ಸರಿಸತೊಡಗಿದೆ. ಅಲ್ಲೊಂದು ಒಳಮೆಟ್ಟಿಲಿದೆ, ದರ್ಜಿಯ ಕಾಲದಿಂದ ಮುಚ್ಚಿಹೋಗಿತ್ತು. ಫ್ಲೆಕ್ಸ್ ಅಂಗಡಿಗೆ ಹೋದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ.

ರೊಡೋರಾ ಇಳಿದು ಬಂದು ನೋಡಿದಳು. ಕಣ್ಣರಳಿತು. ಆಮೇಲೆ ನನ್ನ ಕಡೆ ತಿರುಗಿದಳು.

"ದಾರಿ ಚೆನ್ನಾಗಿದೆ ಮನಾಂಗ್. ನಿಮ್ಮ ಬಾಯಿ?"

ನನಗೆ ನೋವಾಯಿತು, ಯಾಕೆಂದರೆ ಕೇಳಿದ್ದು ಸರಿಯಾಗಿತ್ತು. "ಕಟ್ಕೋತೀನಿ" ಎಂದೆ.

ಮುಂದಿನ ಮಂಗಳವಾರ ಹಳದಿ ಕೊಡೆಯವಳು ಬಂದಾಗ ಯಂತ್ರದ ಹಿಂದಕ್ಕೆ, ನಮ್ಮೂರ ರೂಢಿಯಂತೆ, ತುಟಿ ಚಾಚಿ ತೋರಿಸಿದೆ. ಅವಳು ಕೊಡೆ ಮಡಚಿ ಮೇಲೆ ಹೋದಳು. ಅವತ್ತು ಮಧ್ಯಾಹ್ನ ಬ್ರೆಡ್ ಅಂಗಡಿಯವಳು ಹರಟೆಗೆ ಬಂದರೆ ನಾನು ಮೀನಿನ ಬೆಲೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ಜ್ವರವೇನಾದರೂ ಬಂದಿದೆಯಾ ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಎರಡು ತಿಂಗಳಾದ ಮೇಲೆ ಬರಂಗಾಯ್ ಕ್ಯಾಪ್ಟನ್, ಅಂದರೆ ನಮ್ಮ ವಾರ್ಡಿನ ಮುಖ್ಯಸ್ಥರ ಹೆಂಡತಿ ಅಂಪಿಂಗ್ ಅಂಗಡಿಗೆ ಬಂದು ಬಾಗಿಲು ಎಳೆದುಕೊಂಡರು.

"ನಮ್ಮ ಸೊಸೆ ನಾಲ್ಕು ಸಲ ಇಲ್ಲಿಗೆ ಬಂದಿದಾಳೆ. ಯಾಕೆ?"

"ಫ್ಲೆಕ್ಸ್ ಮಾಡಿಸೋಕೆ ಮನಾಂಗ್."

"ಮನೆಗೆ ಒಂದೂ ಬಂದಿಲ್ವಲ್ಲ."

"ಡಿಸೈನ್ ಇನ್ನೂ ಒಪ್ಪಿಗೆ ಆಗಿಲ್ಲ ಅವಳಿಗೆ."

ಅವರು ನನ್ನನ್ನೇ ನೋಡಿದರು. "ಕೊಂಚಿಂಗ್, ಚರ್ಚಿನ ಕ್ಯಾಂಡೆಲಾರಿಯಾ ಹಬ್ಬದ ಫ್ಲೆಕ್ಸೆಲ್ಲ ಎಷ್ಟು ವರ್ಷದಿಂದ ನಿನ್ನ ಹತ್ರಾನೇ ಮಾಡಿಸ್ತಿದೀವಿ. ಯೋಚನೆ ಮಾಡಿ ಹೇಳು."

ಯೋಚನೆ ಮಾಡಿದೆ. ಆ ಸೊಸೆ ಮೊದಲ ದಿನ ಸುರುಳಿಗಳ ನಡುವೆ ನಿಂತು ಕಣ್ಣೊರೆಸಿಕೊಂಡದ್ದು ನೆನಪಿಗೆ ಬಂತು. "ಡಿಸೈನ್ ಒಪ್ಪಿಗೆ ಆಗಿಲ್ಲ ಮನಾಂಗ್" ಎಂದು ಮತ್ತೊಮ್ಮೆ ಹೇಳಿದೆ. ಆ ವರ್ಷದ ಹಬ್ಬದ ಕೆಲಸ ಬೇರೆ ಅಂಗಡಿಗೆ ಹೋಯಿತು. ಪ್ಲಾಜಾದ ತುಂಬ ಇನ್ನೊಬ್ಬರ ಫ್ಲೆಕ್ಸ್ ನೋಡುತ್ತಾ ನಡೆಯುವಾಗ ಹೊಟ್ಟೆ ಉರಿಯಿತು. ಆದರೆ ಡೊಂಡೊನ್‌ಗೆ ರೊಡೋರಾ ಕಾಫಿ ಕೊಟ್ಟು ಯಾಕೆ ಕಳಿಸಿದಳು ಎಂಬುದು ಅವತ್ತು ನನಗೆ ಪೂರ್ತಿ ತಿಳಿಯಿತು.

ಆಮೇಲೆ ಬಂದವನು ಬೊನಿಫಾಸಿಯೊ, ಸರಕು ಹಡಗಿನ ಹಿರಿಯ ಅಡುಗೆಯವನು. ಬಾಗಿಲು ತುಂಬುವ ಆಳು. ಚಂಡಮಾರುತದಲ್ಲಿ ಅವನ ಸಹಾಯಕ ಅವನ ಕಣ್ಣೆದುರೇ ನೀರುಪಾಲಾಗಿದ್ದ. ಮನೆಗೆ ಬಂದ ಮೇಲೆ ಅವನು ಒಲೆ ಹಚ್ಚುವುದನ್ನೇ ಬಿಟ್ಟಿದ್ದ. ಇದನ್ನೆಲ್ಲ ರೊಡೋರಾ ನನಗೆ ಹೇಳಿದ್ದಲ್ಲ. ಐದು ತಿಂಗಳಾದ ಮೇಲೆ ನಾವಿಕರ ಸಂಘದ ವಾರ್ಷಿಕ ಊಟದಲ್ಲಿ ಅವನೇ ಹೇಳಿದ್ದು.

ಹಾಡುತ್ತಾನೆಂದು ಅವನ ಕೈಗೆ ಮೈಕ್ ಕೊಟ್ಟಿದ್ದರು. ಅವನು ಹಾಡಲಿಲ್ಲ. ಸಹಾಯಕನ ಹೆಸರು ಹೇಳಿ, ನಡೆದದ್ದನ್ನು ಹೇಳತೊಡಗಿದ. ನನ್ನ ಪಕ್ಕದಲ್ಲಿದ್ದ ರೊಡೋರಾ ಗಾಬರಿಯಿಂದ ಎದ್ದು ನಿಂತು, ಬೇಡ ಎಂದು ತಲೆಯಾಡಿಸಿದಳು.

"ಕೂತ್ಕೊಳ್ಳಿ ಮ್ಯಾಡಂ, ನನ್ನ ಕತೆ ನಂದು" ಎಂದ. ಆಮೇಲೆ ಗಂಡಸರ ಮೇಜಿನ ಕಡೆ ತಿರುಗಿದ. "ನಾನು ಇವರ ಹತ್ರ ಹೋಗಿ ಅತ್ತಿದೀನಿ. ಹದಿನೆಂಟು ಸಲ. ಇವತ್ತಿನ ಹಂದಿ ಮಾಂಸದ ಸಾರು ಮಾಡಿದ್ದು ನಾನೇ. ಹುಚ್ಚ ಮಾಡಿದ್ದು ಅಂತ ಯಾರಿಗಾದ್ರೂ ಅನ್ಸಿದ್ರೆ ತಟ್ಟೆ ಇಟ್ಟು ಹೋಗಿ."

ಯಾರೂ ತಟ್ಟೆ ಇಡಲಿಲ್ಲ.

ಆ ವಾರ ರೊಡೋರಾಳ ಫೋನಿಗೆ ಬಿಡುವಿರಲಿಲ್ಲ. ಈ ಸಲ ಮಾತಾಡಿದವರಲ್ಲಿ ಹೆಚ್ಚಿನವರು ಗಂಡಸರು. ಎರಡು ತಿಂಗಳೊಳಗೆ ವಾರದ ಐದು ದಿನವೂ ತುಂಬಿ, ಪಕ್ಕದ ಕೋಣೆಯನ್ನೂ ಹಿಡಿದು, ಆಸ್ಪತ್ರೆಯ ಹಳೆಯ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡಳು. ಡೊಂಡೊನ್ ಮತ್ತೆ ಬಂದ. ಈ ಸಲ ರೊಡೋರಾ ತಾನೇ ಕ್ಯಾಮೆರಾ ಮುಂದೆ ಕೂತು ನಿದ್ದೆಯ ಬಗ್ಗೆ ಆರು ನಿಮಿಷ ಮಾತಾಡಿ ಕಳಿಸಿದಳು.

ಈಗ ಶನಿವಾರ ಮಿಯಾಗಾವ್‌ನಲ್ಲೂ ಕೂರುತ್ತಾಳೆ. ಅಲ್ಲಿನ ಮೀನುಗಾರರಿಗೆ ನಮ್ಮ ಬೀದಿಯ ಮಾತು ಹೊಂದುವುದಿಲ್ಲವೆಂದು ಮೊದಲ ನಾಲ್ಕು ಶನಿವಾರ ಬರೀ ಮೀನು ಮಾರ್ಕೆಟ್ಟಿನಲ್ಲಿ ನಿಂತು ಅವರ ಮಾತು ಕೇಳಿ ಬರೆದುಕೊಂಡಳು. ಐದನೆಯ ಶನಿವಾರ ಹೊಸ ಚೀಟಿಗಳ ಕಟ್ಟು ಹಿಡಿದು ಬೆಳಗಿನ ಜೀಪ್ನಿ ಹತ್ತಿದಳು. ಸಂಜೆ ಫೋನ್ ಮಾಡಿ ಎಷ್ಟು ಜನ ಬಂದರು ಎಂದು ಕೇಳಿದೆ. ಇಬ್ಬರು ಎಂದಳು. ಯಾರು ಎಂದು ನಾನು ಕೇಳಲಿಲ್ಲ.