ನೀರಿಗೆ ಹೋದವರು

"ನಾಳೆ ಬೆಳಿಗ್ಗೆ ಇವರು ಹುಟ್ಟಿದ ಮೇಲೆ ನಾಮಕರಣ, ಮಧ್ಯಾಹ್ನದ ಒಳಗೆ ಉಪನಯನ. ಸಂಜೆ ಗೋಧೂಳಿಗೆ ನಿಮ್ಮ ಜೊತೆ ಮದುವೆ. ಒಂದೇ ದಿನದಲ್ಲಿ ಎಲ್ಲ ಮುಗೀತದೆ, ತುಂಗಮ್ಮ," ಎಂದರು ಸುಬ್ರಾಯ ಭಟ್ಟರು, ಮಜ್ಜಿಗೆಯ ಲೋಟ ಕೆಳಗಿಡುತ್ತ.

ಇವರು ಎಂದರೆ ತುಂಗಾಳ ಗಂಡ ವಿಷ್ಣುಮೂರ್ತಿ. ತಲೆ ನರೆತು, ಮುಂದಿನ ಹಲ್ಲು ಬಿದ್ದು, ಹೊರಗೆ ಜಗಲಿಯ ಗೋಡೆಗೊರಗಿ ಕೂತ ಆಸಾಮಿ ನಾಳೆ ಹುಟ್ಟಬೇಕಿತ್ತು. ಅದಕ್ಕೆಂದೇ ತುಂಗಾ ಸಾರಿನ ಪುಡಿ ಕೊಡುವ ಹೋಟೆಲಿನಿಂದ ತರಿಸಿದ ದೊಡ್ಡ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಅಂಗಳದಲ್ಲಿ ಬೋರಲು ಹಾಕಿದ್ದರು. ಶಾಸ್ತ್ರದ ಪ್ರಕಾರ ಹಂಡೆಯ ತುಂಬ ತುಪ್ಪ ಬೇಕು, ಅದರೊಳಗಿಂದ ಮಗು ಏಳಬೇಕು. ಈ ಕಾಲದಲ್ಲಿ ಅಷ್ಟು ತುಪ್ಪ ಎಲ್ಲಿಂದ ತರುವುದು? ನೀರಿಗೆ ಒಂದು ಸೌಟು ತುಪ್ಪ ಬಿಟ್ಟರೆ ಸಾಕು ಎಂದು ಭಟ್ಟರೇ ರಿಯಾಯಿತಿ ಕೊಟ್ಟಿದ್ದರು.

ಯುದ್ಧದ ಕಾಲದಲ್ಲಿ ಬಾಂಬು ಬೀಳುತ್ತದೆಂದು ಮದರಾಸು ಖಾಲಿಯಾದ ವರ್ಷ ಗಂಡಹೆಂಡತಿ ಊರಿನ ರೈಲು ಹಿಡಿಯಲು ಸೆಂಟ್ರಲ್ ಸ್ಟೇಷನ್ನಿಗೆ ಹೋಗಿದ್ದರು. "ಇಲ್ಲೇ ಕೂತಿರು, ನೀರು ತರ್ತೇನೆ," ಎಂದು ಹಿತ್ತಾಳೆಯ ಕೂಜ ಹಿಡಿದು ಹೋದ ವಿಷ್ಣುಮೂರ್ತಿ ಮರಳಲಿಲ್ಲ. ಹೊಸದಾಗಿ ಮದುವೆಯಾದ ತುಂಗಾ ಟ್ರಂಕಿನ ಮೇಲೆ ಕೂತೇ ಇದ್ದಳು. ರೈಲು ಹೋಯಿತು. ಕೂಜದ ಮುಚ್ಚಳ ಮಾತ್ರ ಅವಳ ಕೈಯಲ್ಲಿ ಉಳಿಯಿತು. ನಲ್ಲಿಯಲ್ಲಿ ನೀರು ಬಂದಿರಲಿಕ್ಕಿಲ್ಲ, ನೀರು ಹುಡುಕುತ್ತ ಹೊರಗೆ ಹೋದರು, ಆ ನೂಕುನುಗ್ಗಲಲ್ಲಿ ಏನೋ ಆಗಿಹೋಯಿತು ಎಂದು ಅವಳೇ ಒಂದು ಕಥೆ ಕಟ್ಟಿಕೊಂಡಳು. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಹನ್ನೆರಡು ವರ್ಷ ಕಳೆದ ಮೇಲೆ ಇದೇ ಭಟ್ಟರು ದರ್ಭೆಯಲ್ಲಿ ಗೊಂಬೆ ಮಾಡಿ ಸುಡಿಸಿ, ತಿಲೋದಕ ಬಿಡಿಸಿ, ಅವಳ ಕುಂಕುಮ ಅಳಿಸಿದರು.

ಈಗ ಸತ್ತವನು ಒಂದು ಬಟ್ಟೆಯ ಚೀಲ ಹಿಡಿದು ತ್ರಿಪ್ಲಿಕೇನಿನ ಈ ಓಣಿ ಹುಡುಕಿಕೊಂಡು ಬಂದಿದ್ದ. ಶ್ರಾದ್ಧ ಮುಗಿದವನನ್ನು ಹಾಗೇ ಒಳಗೆ ಸೇರಿಸಿಕೊಳ್ಳುವಂತಿಲ್ಲ, ಪಂಕ್ತಿಯಲ್ಲಿ ಕೂರಿಸುವಂತಿಲ್ಲ. ಆದ್ದರಿಂದ ಜಗಲಿ, ಬೇರೆ ಎಲೆ. ತುಂಗಾ ಬಡಿಸುವಾಗಲೆಲ್ಲ ಒಂದೇ ಪ್ರಶ್ನೆ ಕೇಳಿದ್ದಳು: ಅವತ್ತು ಎಂತ ಆಯ್ತು? ಅವನು ಕಣ್ಣು ಅರೆಮುಚ್ಚಿ, "ಅದೆಲ್ಲ ಸತ್ತವನ ಸಂಗತಿ," ಎನ್ನುತ್ತಿದ್ದ. ಎಷ್ಟು ಶಾಂತವಾಗಿ ಎನ್ನುತ್ತಿದ್ದನೆಂದರೆ ಅವಳಿಗೆ ಸಾರಿನ ಪಾತ್ರೆಯನ್ನೇ ತಲೆಯ ಮೇಲೆ ಬೋರಲು ಹಾಕಬೇಕು ಅನಿಸುತ್ತಿತ್ತು.

"ಭಟ್ರೆ, ನಾಳೆ ಆದ ಮೇಲೆ ನಾನು ಕೇಳಿದ್ರೆ ಇವರು ಉತ್ತರ ಕೊಡ್ಬೇಕಾ, ಬೇಡ್ವಾ?"

"ಎಂತ ಉತ್ತರ? ಹುಟ್ಟಿದ ಮಗುವಿನ ಹತ್ರ ಹಿಂದಿನ ಜನ್ಮದ ಲೆಕ್ಕ ಕೇಳ್ಲಿಕ್ಕೆ ಉಂಟಾ?"

ಅಷ್ಟರಲ್ಲಿ ರಘುರಾಮ ಕಾಲೇಜಿನಿಂದ ಬಂದ. ತುಂಗಾಳ ತಮ್ಮ, ತತ್ತ್ವಶಾಸ್ತ್ರದ ಉಪನ್ಯಾಸಕ. ದೇವರು, ಮಡಿ, ಪಂಚಾಂಗ ಯಾವುದರಲ್ಲೂ ನಂಬಿಕೆಯಿಲ್ಲದ ಅವನಿಗೂ ಭಟ್ಟರಿಗೂ ಇಷ್ಟು ದಿನ ಎಣ್ಣೆ ಸೀಗೆಕಾಯಿ. ಆದರೆ ಈ ವಿಷಯದಲ್ಲಿ ಇಬ್ಬರೂ ಒಂದಾಗಿಬಿಟ್ಟಿದ್ದರು. ಅದೇ ತುಂಗಾಳಿಗೆ ತಡೆಯಲಾಗದ ಕಿರಿಕಿರಿ.

"ಅಕ್ಕ, ಭಟ್ರು ಹೇಳುದು ಲಾಜಿಕ್ಕಿನಲ್ಲಿ ಸರಿ," ಎಂದ ಕೊಡೆಯನ್ನು ಮೂಲೆಗಿಟ್ಟು. "ಅವತ್ತಿನ ಭಾವನ ಮೈ ಇದಲ್ಲ, ಮನಸ್ಸು ಇದಲ್ಲ, ವಿಚಾರ ಇದಲ್ಲ. ಹೆಸರು ಮಾತ್ರ ಅದೇ. ನೀನು ಪುಡಿ ಕೊಡುವ ಹೋಟೆಲಿನಲ್ಲಿ ದಿನಾ ಹಳೆ ಹಿಟ್ಟು ಒಂದು ಸೌಟು ಹೊಸತಕ್ಕೆ ಹಾಕ್ತಾರೆ. ಯುದ್ಧದ ಕಾಲದ ದೋಸೆ ಹಿಟ್ಟು ಇದೇ ಅಂತ ಹೇಳ್ಲಿಕ್ಕೆ ಆಗ್ತದಾ?"

"ಹುಳಿ ಅದೇ ಅಲ್ವಾ?" ಎಂದಳು ತುಂಗಾ.

"ಅದು ಬೇರೆ ಪ್ರಶ್ನೆ." ರಘುರಾಮನಿಗೆ ಹುರುಪು ಬಂತು. "ಅದೇ ಮನುಷ್ಯ ಅಂತಲೇ ಇಟ್ಕೋ. ಬಿಟ್ಟುಹೋದದ್ದು ತಪ್ಪು ಅಂತ ಯಾರು ಹೇಳುದು? ಮನೆ ಬಿಟ್ಟು ಹೋದವರನ್ನೇ ನಾವು ಪಟ ಕಟ್ಟಿ ಪೂಜೆ ಮಾಡ್ತೇವೆ. ಎಲ್ಲ ಕಾಲಕ್ಕೂ, ಎಲ್ಲರಿಗೂ ತಪ್ಪು ಅನ್ನುವಂಥದ್ದು ಒಂದು ಉಂಟು ಅಂತ ಪ್ರೂಫ್ ಎಲ್ಲಿ?"

"ಅವರು ಯಾರೂ ಹೆಂಡತಿ ಹತ್ರ ನೀರು ತರ್ತೇನೆ ಅಂತ ಹೇಳಿ ಹೋಗ್ಲಿಲ್ಲ, ರಘು."

"ನೀನು ಎಲ್ಲದಕ್ಕೂ ನೀರು ತರ್ತಿ! ಇದು ಪ್ರಿನ್ಸಿಪಲ್ಲಿನ, ತತ್ತ್ವದ ಮಾತು ಅಕ್ಕ."

ಭಟ್ಟರು ಹೌದೆಂದು ತಲೆಯಾಡಿಸಿದರು. ಒಬ್ಬರಿಗೆ ಶಾಸ್ತ್ರ, ಒಬ್ಬನಿಗೆ ಲಾಜಿಕ್ಕು. ಇಬ್ಬರೂ ಸೇರಿ ತನ್ನ ಸಿಟ್ಟಿಗೆ ವಾರಸುದಾರನೇ ಇಲ್ಲದಂತೆ ಮಾಡುತ್ತಿದ್ದಾರಲ್ಲ ಎಂದು ತುಂಗಾಳಿಗೆ ಅನಿಸಿತು. ಅಷ್ಟು ವರ್ಷ ಅವಳು ಹೋಟೆಲುಗಳಿಗೆ ಸಾರಿನ ಪುಡಿ ಕುಟ್ಟಿದ್ದಳು, ಬಳೆಯಿಲ್ಲದ ಕೈಯಲ್ಲಿ ಇವರಿಗೆಲ್ಲ ಬಡಿಸಿದ್ದಳು. ಆಗೆಲ್ಲ ಅವಳು ಅದೇ ತುಂಗಾ ಹೌದೋ ಅಲ್ಲವೋ ಎಂದು ಯಾರೂ ಚರ್ಚೆ ಮಾಡಿರಲಿಲ್ಲ. ನಾಳೆ ಅವನಿಗೆ ಹೊಸ ಜನ್ಮ. ಅವಳಿಗೆ ಮಾತ್ರ ಹಳೆಯದೇ.

ಅವಳು ಎದ್ದು ಒಳಗೆ ಹೋಗಿ ಖಾಲಿ ತಂಬಿಗೆ ತಂದು ಜಗಲಿಯ ಮೇಲೆ ಗಂಡನ ಮುಂದೆ ಕುಕ್ಕಿದಳು.

"ನನಗೆ ಬಾಯಾರಿಕೆ. ನೀರು ತನ್ನಿ."

"ಒಳಗೆ ಕೊಡಪಾನ ತುಂಬ ನೀರು ಉಂಟಲ್ಲ, ತುಂಗಮ್ಮ?" ಎಂದರು ಭಟ್ಟರು.

"ಅದು ಬೇಡ. ಇವರು ತಂದದ್ದೇ ಬೇಕು. ಇವರು ತಾರದೆ ನಾನು ನಾಳೆ ಯಾವ ಮಣೆ ಮೇಲೂ ಕೂರುದಿಲ್ಲ."

ವಿಷ್ಣುಮೂರ್ತಿಯ ಅರೆಮುಚ್ಚಿದ ಕಣ್ಣು ಪೂರ್ತಿ ತೆರೆಯಿತು. ಯಾವ ನೀರು ಎಂದು ಅವನು ಕೇಳಲಿಲ್ಲ. ಗೋಡೆ ಹಿಡಿದು ಎದ್ದು, ತಂಬಿಗೆ ತೆಗೆದುಕೊಂಡು, ಓಣಿಯ ತಿರುವಿನಲ್ಲಿದ್ದ ಕೈಪಂಪಿನ ಕಡೆಗೆ ನಡೆದ.

ತುಂಗಾ ಹೊಸ್ತಿಲ ಮೇಲೆ ಕೂತಳು. ಪಂಪಿನ ಕಿರಗುಟ್ಟುವ ಸದ್ದು ಕೇಳಿಸಿತು, ನಿಂತಿತು. ಒಂದು ಜಟಕಾ ಹೋಯಿತು. ಹೂವಿನವಳು ಕೂಗುತ್ತ ಹೋದಳು. ತಿರುವಿನಲ್ಲಿ ಯಾರೂ ಕಾಣಿಸಲಿಲ್ಲ. ಇಂಥ ಹುಚ್ಚು ಪರೀಕ್ಷೆ ಯಾಕೆ ಮಾಡಿದೆ ಎಂದು ಅವಳಿಗೆ ತನ್ನ ಮೇಲೆಯೇ ರೋಸಿಹೋಯಿತು. ಗಂಡ ಎರಡು ಸಲ ಬಿಟ್ಟುಹೋದ ಹೆಂಗಸು ಈ ಮದರಾಸಿನಲ್ಲಿ ತಾನೊಬ್ಬಳೇ ಇರಬೇಕು.

ಆಮೇಲೆ ಅವನು ಬಂದ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಪಂಚೆಯೆಲ್ಲ ಒದ್ದೆ. ಅದನ್ನು ಅವಳ ಕಾಲ ಬಳಿ ಇಟ್ಟ, ಕೂರಲಿಲ್ಲ.

"ಅವತ್ತು ನಲ್ಲಿಯಲ್ಲಿ ನೀರು ಬಂದಿತ್ತು," ಎಂದ. "ಕೂಜ ತುಂಬ್ಸಿದೆ. ತಿರುಗಿ ಬರುವಾಗ ದೂರದಿಂದ ನೀನು ಕಂಡಿ. ಟ್ರಂಕಿನ ಮೇಲೆ ಕೂತು, ಮುಚ್ಚಳವನ್ನು ಸೆರಗಿನಲ್ಲಿ ಒರಸ್ತಾ ಇದ್ದಿ. ನಾನು ಕಂಬದ ಹಿಂದೆ ನಿಂತೆ. ರೈಲು ಹೋಗುವ ತನಕ ನೋಡಿದೆ. ನೀನು ಹತ್ತಲಿಲ್ಲ."

"ಎಂತಕ್ಕೆ?"

"ಗೊತ್ತಿಲ್ಲ. ಕಾಲು ಮುಂದೆ ಬರ್ಲಿಲ್ಲ. ಈಗಲೂ ಗೊತ್ತಿಲ್ಲ, ತುಂಗಾ."

ರಘುರಾಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ತುಂಗಾ ಕಟ್ಟಿಕೊಂಡ ಕಥೆ ಒಂದೇ ಮಾತಿಗೆ ಬಿದ್ದುಹೋಗಿತ್ತು. ಸಿಟ್ಟು ಉಕ್ಕಿತು, ಆದರೆ ಈ ಸಿಟ್ಟಿಗೆ ಈಗ ಎದುರಿಗೆ ಒಬ್ಬ ಮನುಷ್ಯನಿದ್ದ.

"ಭಟ್ರೆ," ಎಂದಳು ತಿರುಗದೆ, "ಹಂಡೆ ವಾಪಸು ಕಳಿಸಿ. ನಾಳೆ ಯಾರೂ ಹುಟ್ಟುದು ಬೇಡ."

"ಆಮೇಲೆ ಇವರ ಊಟ? ಪಂಕ್ತಿ?"

"ಇವರು ಹಳಬರಾಗಿಯೇ ಜಗಲಿಯಲ್ಲಿ ಉಣ್ಲಿ. ನನಗೆ ಇವರ ಹತ್ರ ಮಾತಾಡ್ಲಿಕ್ಕೆ ತುಂಬ ಉಂಟು."

ಅವಳು ಒಳಗೆ ಹೋದಳು. ಕೊತ್ತಂಬರಿ ಡಬ್ಬಿಯಲ್ಲಿ ಅಳತೆಗೆ ಇಟ್ಟುಕೊಂಡಿದ್ದ ಆ ಕೂಜದ ಮುಚ್ಚಳ ತೆಗೆದು, ಪುಡಿ ಝಾಡಿಸಿ, ಸೆರಗಿನಲ್ಲಿ ಒರಸುತ್ತ ಹೊರಗೆ ಬಂದಳು. ವಿಷ್ಣುಮೂರ್ತಿ ಅದನ್ನು ನೋಡಿ ಜಗಲಿಯ ಕಂಬ ಹಿಡಿದುಕೊಂಡ. ತುಂಗಾ ತಂಬಿಗೆಯ ನೀರನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದಳು. ಮತ್ತೆ ಬಗ್ಗಿಸಿಕೊಂಡಳು. ತಂಬಿಗೆ ಖಾಲಿಯಾಗುವವರೆಗೂ ಕುಡಿದಳು.