ಮಗಳು ಮಾಡಿದ ಕಿವಿ

ಮಿಷಿನ್ನಿನ ಬೆಲ್ಟು ಅಮ್ಮನ ಕೂದಲನ್ನು ಸೆಳೆದುಕೊಂಡಾಗ ಜೊತೆಗೆ ಎಡಗಿವಿಯೂ ಹೋಯಿತು. ಬೆಲ್ಟಿಗೊಂದು ಜಾಲರಿ ಹಾಕಿಸಿ ಎಂದು ನೂಲಿನ ಮಿಲ್ಲಿನ ಹೆಂಗಸರು ಬಾಯಿ ನೋಯುವಷ್ಟು ಹೇಳಿದ್ದರು. ಮ್ಯಾನೇಜರ್ ಈಗಲೂ “ಏನೋ ಸಣ್ಣ ಗಾಯ” ಎಂದು ಕೈತೊಳೆದುಕೊಳ್ಳುತ್ತಿದ್ದ. ಸರ್ಕಾರಿ ಅಧಿಕಾರಿಯ ವಿಚಾರಣೆ ಹತ್ತಿರ ಬಂದಿತ್ತು. ಅವಳು ತಲೆಯೆತ್ತಿ ನಿಂತು ಹೇಳಿದರೆ ಜಾಲರಿ ಬಂದೀತು. ತಲೆಗೆ ಸುತ್ತಿದ ಬಟ್ಟೆಯೊಳಗೆ ಮುದುಡಿಕೊಂಡರೆ ನಾಳೆ ಇನ್ನೊಬ್ಬಳ ಕಿವಿ.

ಮಗಳಿಗೆ ಆಸ್ಪತ್ರೆಯಲ್ಲಿ ಕೃತಕ ಅಂಗಗಳನ್ನು ಮಾಡುವ ಕೆಲಸ. ಅಮ್ಮನ ಬಲಗಿವಿಯ ಸುತ್ತ ಸ್ಕ್ಯಾನರ್ ಆಡಿಸಿದಳು. ಕಂಪ್ಯೂಟರಿನಲ್ಲಿ ಅದನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಎಡಗಿವಿ ಮಾಡಿದಳು. ಪ್ರಿಂಟರ್ ಅಚ್ಚು ತೆಗೆಯಿತು. ಅಚ್ಚಿಗೆ ಸಿಲಿಕೋನ್ ಸುರಿಯಬೇಕು. ‘ಚರ್ಮದ ಬಣ್ಣ’ ಎಂದು ಬರೆದಿದ್ದ ಡಬ್ಬಿಗಳಲ್ಲೆಲ್ಲ ಬರೀ ಬಿಳಿಚು ಬಣ್ಣ.

“ಚರ್ಮ ಇರೋದು ಬಿಳಿಯರಿಗೆ ಮಾತ್ರನಾ?” ಎಂದು ಮಗಳು ಅವನ್ನು ಆಚೆ ತಳ್ಳಿ, ಅಮ್ಮನ ಕೆನ್ನೆಗೆ ಹಿಡಿದು ಹಿಡಿದು ನೋಡಿ, ಅವಳದೇ ಕಪ್ಪು ಕಲಸಿದಳು.

ಸಿದ್ಧವಾದ ಕಿವಿ ನೋಡಿ ಅಮ್ಮ ಬಿದ್ದು ಬಿದ್ದು ನಕ್ಕಳು.

“ಅಯ್ಯೋ ನನ್ನ ತಾಯೇ, ಹಾಲೆ ಯಾಕೆ ಹರಿದಿದೆ?”

“ಬಲಗಿವೀದು ಹಾಗೇ ಅಲ್ವಾಮ್ಮ?”

“ಅದು ನೀನು ಕೂಸಾಗಿದ್ದಾಗ ಓಲೆ ಹಿಡಿದು ಜಗ್ಗಿ ಹರಿದದ್ದು! ಎಡಗಿವಿ ನಿನ್ನ ಕೈಗೆ ಸಿಕ್ಕಿರ್ಲಿಲ್ಲ. ಒಂದು ಹರಿದದ್ದು ಸಾಲ್ದು ಅಂತ ಈಗ ಇದಕ್ಕೂ ಕೈ ಹಾಕಿದ್ಯಾ?”

ಮಗಳು ನಾಲಿಗೆ ಕಚ್ಚಿಕೊಂಡಳು. ಕಂಪ್ಯೂಟರಿನಲ್ಲೇ ಹಾಲೆಯನ್ನು ಕೂಡಿಸಿ, ಮತ್ತೆ ಅಚ್ಚು ತೆಗೆದು, ಹೊಸ ಕಿವಿ ಮಾಡಿದಳು.

ವಿಚಾರಣೆಗೆ ಅಮ್ಮ ತಲೆಗೆ ಬಟ್ಟೆ ಸುತ್ತದೆ ಹೋದಳು. ಮ್ಯಾನೇಜರನ ಮುಖ ಅರಳಿತು. ಅಧಿಕಾರಿಯ ಕಡೆ ತಿರುಗಿದ.

“ನೋಡಿ ಸಾರ್, ಎರಡೂ ಕಿವಿ ನೆಟ್ಟಗಿವೆ! ಏನಾಗಿದೆ ಈಯಮ್ಮನಿಗೆ?”

ಅವಳು ಕೈಯೆತ್ತಿ ಎಡಗಿವಿ ಹಿಡಿದೆಳೆದಳು. ತಲೆಯ ಮೂಳೆಗೆ ಕೂರಿಸಿದ್ದ ಆಯಸ್ಕಾಂತ ‘ಟಕ್’ ಎಂದು ಬಿಟ್ಟುಕೊಟ್ಟಿತು. ಕಿವಿಯನ್ನು ಮ್ಯಾನೇಜರನ ಚಹಾದ ಲೋಟದ ಪಕ್ಕದಲ್ಲಿಟ್ಟಳು.

“ಇದು ನನ್ನ ಮಗಳು ಮಾಡಿದ್ದು.” ಕೂದಲು ಸರಿಸಿ ಗಾಯದ ಕಲೆ ತೋರಿಸಿದಳು. “ಇದು ನೀವು ಮಾಡಿದ್ದು. ಯಾರ ಕೆಲಸ ನೆಟ್ಟಗಿದೆ ಅಂತ ಬರ್ಕೊಳ್ಳಿ ಸಾರ್.”

ಅಧಿಕಾರಿ ಬರೆದುಕೊಂಡರು. ಜಾಲರಿ ಹಾಕುವ ತನಕ ಒಂದು ಮಿಷಿನ್ನೂ ಓಡಕೂಡದು ಎಂದು ಅಲ್ಲೇ ಆದೇಶವನ್ನೂ ಬರೆದರು.

ಹೊರಗೆ ಕಾದಿದ್ದ ಹೆಂಗಸರು ಮುತ್ತಿಕೊಂಡರು. “ಕೊಡೇ, ನಿನ್ನ ಮಗಳ ಕೈಚಳಕ ನಾವೂ ನೋಡೋಣ!” ಕಿವಿ ಕೈಯಿಂದ ಕೈಗೆ ಸಾಗಿತು.

ಅವಳು ಎದೆಯುಬ್ಬಿಸಿ ಗದರಿದಳು: “ಹುಷಾರು ಕಣ್ರೇ, ಜಗ್ಗಬೇಡಿ! ಜಗ್ಗೋಕೆ ನನ್ನ ಮಗಳೊಬ್ಬಳೇ ಸಾಕು.”